ಸಹಾಯ ಬೇಕು: ಹಿತ್ತಲಿನ ತಾವರೆ ಕೊಳ ತೆಗೆದು ಅಲ್ಲಿ ಏನು ಮಾಡೋಣ?

ಎಲ್ಲರಿಗೂ ನಮಸ್ಕಾರ. ಮೈಸೂರಿನ ನಮ್ಮ ಮನೆ ಹಿತ್ತಲಲ್ಲಿ ಮಾವನವರು ಕಟ್ಟಿಸಿದ ಸಿಮೆಂಟಿನ ಕೊಳ ಇದೆ. ಎಂಟು ಅಡಿ ಉದ್ದ, ಐದು ಅಡಿ ಅಗಲ, ಎರಡೂವರೆ ಅಡಿ ಆಳ. ಸೊಳ್ಳೆ ಕಾಟವೇನಿಲ್ಲ, ಗಪ್ಪಿ ಮೀನುಗಳು ಮರಿಹುಳುಗಳನ್ನು ಉಳಿಸೋದೇ ಇಲ್ಲ. ಆದರೆ ಮಗು ಈಗಷ್ಟೇ ನಡೆಯಲು ಕಲಿತಿದೆ, ಸ್ವಲ್ಪ ಕಣ್ಣು ತಪ್ಪಿದರೂ ಸೀದಾ ಅತ್ತಲೇ ಹೋಗುತ್ತೆ. ಹಾಗಾಗಿ ಮಳೆಗಾಲಕ್ಕೆ ಮುಂಚೆ ತೆಗೆಸಲೇಬೇಕು.

ಗಾರೆಯವರು "ಹಾಗೇ ಮಣ್ಣು ತುಂಬಿಸಿಬಿಡಿ ಮೇಡಂ" ಅಂತಾರೆ. ನನಗೆ ಒಪ್ಪಿಗೆಯಿಲ್ಲ. ತಳ ಒಡೆಯದಿದ್ದರೆ ಮಳೆನೀರು ಇಂಗದೆ ಒಳಗೇ ನಿಂತು, ಏನು ನೆಟ್ಟರೂ ಬೇರು ಕೊಳೆಯುತ್ತೆ. ತಳ ಪೂರ್ತಿ ಕೀಳಿಸಬೇಕಾ, ಅಲ್ಲಲ್ಲಿ ತೂತು ಹೊಡೆಸಿದರೆ ಸಾಕಾ? ಕೊಳದ ಒಂದು ಬದಿ ಕಾಂಪೌಂಡ್ ಗೋಡೆಗೆ ಅಂಟಿಕೊಂಡಿದೆ, ಬ್ರೇಕರ್ ಹಚ್ಚಿದರೆ ಗೋಡೆ ಬಿರುಕು ಬಿಟ್ಟೀತು ಅನ್ನೋ ಭಯ.

ಅತ್ತೆಯವರಿಗೆ ಅಲ್ಲಿ ಮಲ್ಲಿಗೆ, ಕರಿಬೇವು ಬೇಕಂತೆ. ಮಧ್ಯಾಹ್ನದವರೆಗೆ ಒಳ್ಳೆ ಬಿಸಿಲು ಬೀಳುತ್ತೆ. ನನ್ನ ಮನಸ್ಸು ಇಂಗುಗುಂಡಿ ಕಡೆಗಿದೆ. ತಾರಸಿ ನೀರಿನ ಪೈಪ್ ಪಕ್ಕದಲ್ಲೇ ಇಳಿಯುತ್ತೆ, ಕೆಳಗೆ ದಪ್ಪ ಕಲ್ಲು, ಅದರ ಮೇಲೆ ಜಲ್ಲಿ, ಮರಳು ಹಾಕಿಸಬಹುದು. ಆದರೆ ಗೋಡೆ ಪಾಯದ ಪಕ್ಕದಲ್ಲಿ ಅಷ್ಟು ನೀರು ಇಂಗಿಸುವುದು ಸರಿಯಾ? ಮಾಡಿಸಿದವರು ದಯವಿಟ್ಟು ಹೇಳಿ.

ಗಪ್ಪಿಗಳನ್ನು ಕೆರೆಗೆ ಬಿಡಲ್ಲ, ಅವು ನಮ್ಮ ನೆಲದ ಮೀನಲ್ಲ, ಬೇಗ ಹರಡಿಬಿಡುತ್ತವೆ. ಮೀನು, ತಾವರೆ ಗೆಡ್ಡೆ ಬೇಕಾದವರು ಬಕೆಟ್ ತಂದು ಒಯ್ಯಬಹುದು. ಗೆಡ್ಡೆಯ ಮೊಳಕೆ ತುದಿ ಮುರಿಯದ ಹಾಗೆ ನಾನೇ ತೆಗೆದುಕೊಡುತ್ತೇನೆ.