ವಿಎಂಗಳಿಗೆ ಒಳಜಾಲದ ಮೂಲಕ ನ್ಯಾಸ್ ಜೋಡಣೆ: ಗೇಟ್‌ವೇ ಎಲ್ಲಿರಬೇಕು?

ಪ್ರಶ್ನೆ, ಗೋಣಿಕೊಪ್ಪಲಿನಿಂದ:
ನಮ್ಮ ಕಾಫಿ ತೋಟದ ಕಚೇರಿಯಲ್ಲಿ ಪ್ರಾಕ್ಸ್‌ಮಾಕ್ಸ್ (ಒಂದೇ ಯಂತ್ರದಲ್ಲಿ ಹಲವು ವರ್ಚುವಲ್ ಕಂಪ್ಯೂಟರ್‌ಗಳನ್ನು ನಡೆಸುವ ತಂತ್ರಾಂಶ) ಹಾಕಿದ ಒಂದೇ ಸರ್ವರ್ ಇದೆ. ಅದರ ಒಂದು ವಿಎಂನಲ್ಲಿ (ವರ್ಚುವಲ್ ಕಂಪ್ಯೂಟರಿನಲ್ಲಿ) ಲೆಕ್ಕಪತ್ರದ ಡೇಟಾಬೇಸ್, ಇನ್ನೊಂದರಲ್ಲಿ ಜಮ್ಮಾ (ಕೊಡಗಿನ ಪಾರಂಪರಿಕ ಭೂಹಿಡುವಳಿ) ದಾಖಲೆ, ಆರ್‌ಟಿಸಿ, ಚೆಕ್‌ರೋಲ್‌ಗಳ (ಕಾರ್ಮಿಕರ ಹಾಜರಿ ಪಟ್ಟಿಗಳ) ಸ್ಕ್ಯಾನ್ ಪ್ರತಿಗಳಿವೆ. ನ್ಯಾಸ್ (ಜಾಲದ ಮೂಲಕ ಬಳಸುವ ಸಂಗ್ರಹ ಪೆಟ್ಟಿಗೆ) ಮತ್ತು ಸಿಬ್ಬಂದಿಯ ಕಂಪ್ಯೂಟರ್‌ಗಳು ಒಂದೇ ಸ್ವಿಚ್ಚಿನಲ್ಲಿರುವುದರಿಂದ ಬ್ಯಾಕಪ್ ಹೊತ್ತಿನಲ್ಲಿ ಎಲ್ಲರ ಕೆಲಸವೂ ನಿಧಾನವಾಗುತ್ತಿತ್ತು. ಆದ್ದರಿಂದ ಸರ್ವರಿನ ಎರಡನೇ ಪೋರ್ಟಿನಿಂದ ನ್ಯಾಸಿನ ಎರಡನೇ ಪೋರ್ಟಿಗೆ ನೇರ ಕೇಬಲ್ ಎಳೆದು, ಅದಕ್ಕೆ ಪ್ರತ್ಯೇಕ ಬ್ರಿಡ್ಜ್ (ಸರ್ವರಿನೊಳಗಿನ ವರ್ಚುವಲ್ ಸ್ವಿಚ್) ಮಾಡಿ, ಎರಡೂ ವಿಎಂಗಳಿಗೆ ಇನ್ನೊಂದು ನೆಟ್‌ವರ್ಕ್ ಕಾರ್ಡ್ ಕೊಡಲಾಗಿದೆ. ಕಚೇರಿಯ ಜಾಲ 192.168.1.0/24, ಹೊಸದು 10.10.10.0/24, ಎರಡೂ ಕಾರ್ಡಿಗೆ ಗೇಟ್‌ವೇ (ಜಾಲದಿಂದ ಹೊರಗೆ ಹೋಗುವ ದಾರಿಯ ವಿಳಾಸ) ನಮೂದಿಸಿದೆ. ನ್ಯಾಸ್ ಪಿಂಗ್‌ಗೆ ಉತ್ತರಿಸುತ್ತದೆ, ಆದರೆ ವಿಎಂಗಳಲ್ಲಿ ಇಂಟರ್‌ನೆಟ್ ಆಗಾಗ ಕೈಕೊಡುತ್ತದೆ. ಬ್ಯಾಕಪ್ ಭಾರವೂ ಹಳೆಯ ಸ್ವಿಚ್ಚಿನ ಮೇಲೆಯೇ ಬೀಳುತ್ತಿದೆ. ಡೇಟಾಬೇಸಿಗೆ ಎನ್‌ಎಫ್‌ಎಸ್ (ಜಾಲದ ಮೂಲಕ ಕಡತ ಹಂಚುವ ವಿಧಾನ) ಸಾಕೇ, ಐಸ್ಕಸಿ (iSCSI, ಜಾಲದ ಮೂಲಕ ಡಿಸ್ಕನ್ನೇ ಕೊಡುವ ವಿಧಾನ) ಬೇಕೇ ಎಂಬುದನ್ನೂ ದಯವಿಟ್ಟು ತಿಳಿಸಿ.

ಉತ್ತರ, ಮಡಿಕೇರಿಯಿಂದ:
ಸರ್, ಹೊಸ ಕಾರ್ಡಿನ ಗೇಟ್‌ವೇ ತೆಗೆದುಬಿಡಿ. ಎರಡು ತುದಿಯೂ ಒಂದೇ ಸಬ್‌ನೆಟ್‌ನಲ್ಲಿ (ಒಂದೇ ವಿಳಾಸ ಸರಣಿಯಲ್ಲಿ) ಇರುವಾಗ ನ್ಯಾಸನ್ನು ತಲುಪಲು ಗೇಟ್‌ವೇ ಬೇಕಿಲ್ಲ. ಅದು ಇದ್ದರೆ ಹೊರಗೆ ಹೋಗಬೇಕಾದ ಪ್ಯಾಕೆಟ್‌ಗಳು ದಾರಿಯೇ ಇಲ್ಲದ ಕೇಬಲ್ಲಿಗೆ ನುಗ್ಗುತ್ತವೆ. ಬ್ಯಾಕಪ್ ಹಳೆಯ ದಾರಿ ಹಿಡಿಯಲು ಕಾರಣ ಬೇರೆ ಇರಬೇಕು: ನೀವು ನ್ಯಾಸನ್ನು ಹೆಸರಿನಿಂದ ಮೌಂಟ್ ಮಾಡಿದ್ದರೆ (ವಿಎಂಗೆ ಫೋಲ್ಡರಿನಂತೆ ಜೋಡಿಸಿದ್ದರೆ), ಆ ಹೆಸರು ಈಗಲೂ 192.168.1 ಸರಣಿಯ ವಿಳಾಸವನ್ನೇ ಕೊಡುತ್ತಿರುತ್ತದೆ. ಹೊಸ ವಿಳಾಸವನ್ನು ನೇರವಾಗಿ ಬರೆದು ಮತ್ತೆ ಮೌಂಟ್ ಮಾಡಿ.

ಉತ್ತರ, ಕುಶಾಲನಗರದಿಂದ:
ಸ್ಕ್ಯಾನ್ ಪ್ರತಿಗಳಿಗೆ ಎನ್‌ಎಫ್‌ಎಸ್ ಧಾರಾಳವಾಗಿ ಸಾಕು, ಏಕೆಂದರೆ ಅಲ್ಲಿ ಕಡತ ವ್ಯವಸ್ಥೆಯನ್ನು ನ್ಯಾಸೇ ನೋಡಿಕೊಳ್ಳುವುದರಿಂದ ಹಲವು ವಿಎಂಗಳು ಒಂದೇ ಫೋಲ್ಡರನ್ನು ಹಂಚಿಕೊಳ್ಳಬಹುದು. ನಾಲ್ಕನೇ ಆವೃತ್ತಿಯಾದರೆ ಟಿಸಿಪಿ 2049 ಒಂದೇ ಪೋರ್ಟ್ ತೆರೆದರೆ ಆಯಿತು. ಐಸ್ಕಸಿ ಕೊಡುವುದು ಬರಿಯ ಡಿಸ್ಕನ್ನು. ಒಂದೇ ಲನ್ನನ್ನು (ನ್ಯಾಸ್ ಹೀಗೆ ಕೊಡುವ ಡಿಸ್ಕನ್ನು) ಎರಡು ವಿಎಂಗಳಿಗೆ ಕೊಟ್ಟು ಅದರಲ್ಲಿ ಎಕ್ಸ್ಟ್4 (ಲಿನಕ್ಸಿನ ಸಾಮಾನ್ಯ ಕಡತ ವ್ಯವಸ್ಥೆ) ಹಾಕಿದರೆ, ಒಂದು ಬರೆದದ್ದು ಇನ್ನೊಂದಕ್ಕೆ ಗೊತ್ತಾಗದೆ ದತ್ತಾಂಶ ಹಾಳಾಗುತ್ತದೆ. ಇದರಲ್ಲಿ ರಿಯಾಯಿತಿ ಇಲ್ಲ. ಡೇಟಾಬೇಸಿನ ಒಂದೇ ವಿಎಂಗೆ ಕೊಡುವುದಾದರೆ ಅದು ಒಳ್ಳೆಯ ಆಯ್ಕೆಯೇ. ಆಗ ನ್ಯಾಸಿನ ಪೋರ್ಟಲನ್ನು (ಐಸ್ಕಸಿ ಸಂಪರ್ಕ ಸ್ವೀಕರಿಸುವ ಜಾಗವನ್ನು) 10.10.10 ವಿಳಾಸಕ್ಕೆ ಮಾತ್ರ ಕಟ್ಟಿಹಾಕಿ, ಇಲ್ಲವಾದರೆ ಹುಡುಕಾಟದಲ್ಲಿ ಎರಡೂ ವಿಳಾಸ ಸಿಕ್ಕಿ, ಕಚೇರಿ ಜಾಲದಿಂದಲೂ ಐಸ್ಕಸಿಯ 3260 ಪೋರ್ಟಿಗೆ ಲಾಗಿನ್ ಆಗಬಹುದು.

ಜಂಬೋ ಫ್ರೇಮಿನ (ದೊಡ್ಡ ಗಾತ್ರದ ಪ್ಯಾಕೆಟ್‌ಗಳ) ಆಸೆ ಸದ್ಯಕ್ಕೆ ಬೇಡ. ಮುಂದೆ ಬೇಕೆನಿಸಿದರೆ ವಿಎಂ, ಬ್ರಿಡ್ಜ್, ಪೋರ್ಟ್, ನ್ಯಾಸ್ ನಾಲ್ಕರಲ್ಲೂ ಎಂಟಿಯು (ಪ್ಯಾಕೆಟಿನ ಗರಿಷ್ಠ ಗಾತ್ರ) 9000 ಇಟ್ಟು, ತುಂಡಾಗದಂತೆ 8972 ಬೈಟಿನ ಪಿಂಗ್ ಕಳುಹಿಸಿ ನೋಡಿ.

ಉತ್ತರ, ಸೋಮವಾರಪೇಟೆಯಿಂದ:
ನನ್ನ ಅಭಿಪ್ರಾಯದಲ್ಲಿ ಡೇಟಾಬೇಸಿನ ವಿಎಂಗೆ ಎರಡನೇ ಕಾರ್ಡೇ ಬೇಡ. ಬ್ರಿಡ್ಜಿಗೆ ಒಂದು ವಿಳಾಸ ಕೊಟ್ಟು, ಐಸ್ಕಸಿಯನ್ನು ಪ್ರಾಕ್ಸ್‌ಮಾಕ್ಸಿಗೇ ಜೋಡಿಸಿ, ವಿಎಂಗೆ ಸಾಮಾನ್ಯ ವರ್ಚುವಲ್ ಡಿಸ್ಕ್ ಕೊಡಿ. ಆಗ ಆ ವಿಎಂಗೆ ಒಳಜಾಲ ಕಾಣುವುದೇ ಇಲ್ಲ. ಇನ್ನೊಂದು ಮಾತು: ನಮ್ಮ ಕಡೆ ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದು ಕರೆಂಟ್ ಹೋಗುವುದು ಇದ್ದದ್ದೇ. ಕರೆಂಟ್ ಬಂದಾಗ ಸರ್ವರ್ ಮೊದಲು ಎದ್ದು ನ್ಯಾಸ್ ತಡವಾದರೆ ಮೌಂಟ್ ತಪ್ಪುತ್ತದೆ. ಎನ್‌ಎಫ್‌ಎಸ್ ಸಾಲಿಗೆ ಎಫ್‌ಎಸ್‌ಟ್ಯಾಬ್‌ನಲ್ಲಿ (ಏಳುವಾಗ ಮೌಂಟ್ ಮಾಡಬೇಕಾದವುಗಳ ಪಟ್ಟಿಯ ಕಡತದಲ್ಲಿ) ನೆಟ್‌ಡೆವ್, ನೋಫೇಲ್, ಆಟೋಮೌಂಟ್ ಆಯ್ಕೆಗಳನ್ನು ಸೇರಿಸಿ, ಪ್ರಾಕ್ಸ್‌ಮಾಕ್ಸಿನಲ್ಲಿ ವಿಎಂಗಳ ಆರಂಭಕ್ಕೆ ಕೆಲವು ನಿಮಿಷದ ತಡ ಇಡಿ. ಯುಪಿಎಸ್ ಸರ್ವರಿಗೆ ಮಾತ್ರ ಇದ್ದರೆ ಪ್ರಯೋಜನವಿಲ್ಲ, ನ್ಯಾಸನ್ನೂ ಅದಕ್ಕೇ ಸೇರಿಸಿ.