ಚಿತ್ರದ ಮುಂದೆ ನಿಂತು ಏನನ್ನು ನೋಡಬೇಕು? ಅನುಭವವಿದ್ದವರು ಹೇಳಿ

ಕೇಳಿದವರು: ಬಿಜೈ, ಮಂಗಳೂರು

ಮಗಳು ಪಿಯುಸಿ ಮುಗಿಸಿ ದೃಶ್ಯಕಲೆಯ ಕೋರ್ಸಿಗೆ ಸೇರಿದ್ದಾಳೆ. ಅವಳ ಜೊತೆ ಪ್ರದರ್ಶನಗಳಿಗೆ ಹೋಗತೊಡಗಿದ ಮೇಲೆ ನನಗೂ ಆಸೆ ಹುಟ್ಟಿದೆ. ಆದರೆ ಇದು ಮರ, ಇದು ಹೆಂಗಸು, ಇದು ದೋಣಿ ಎಂದು ಗುರುತಿಸಿದ ಮೇಲೆ ಮುಂದೇನು ನೋಡಬೇಕು ಎಂಬುದು ತಿಳಿಯುವುದಿಲ್ಲ. ಮಗಳು ಸಂಯೋಜನೆ, ಸಮತೋಲನ ಎನ್ನುತ್ತಾಳೆ. ಅಂತರ್ಜಾಲದ ವೀಡಿಯೊಗಳಲ್ಲಿ ಪ್ರಸಿದ್ಧ ಚಿತ್ರಗಳ ಮೇಲೆ ತ್ರಿಕೋನ, ಸುರುಳಿಗಳನ್ನು ಎಳೆದು ಇದೇ ಅದರ ಗುಟ್ಟು ಎನ್ನುತ್ತಾರೆ. ಆ ಗೆರೆಗಳನ್ನು ತೆಗೆದ ಕೂಡಲೇ ನನಗೆ ಕಾಣುವುದು ಮತ್ತೆ ಅದೇ ಮರ, ಅದೇ ದೋಣಿ. ಕಲೆಯನ್ನು ಓದದವರು ಇದನ್ನು ಕಲಿಯುವುದು ಹೇಗೆ? ನೀವು ಮಾಡಿ ನೋಡಿದ್ದನ್ನು ತಿಳಿಸಿದರೆ ಉಪಕಾರವಾಗುತ್ತದೆ.

ನಿವೃತ್ತ ಡ್ರಾಯಿಂಗ್ ಮಾಸ್ಟ್ರು, ಉಡುಪಿ

ಅಮ್ಮಾ, ಮೊದಲು ಒಂದು ಪೆನ್ಸಿಲ್ ಕೊಂಡುಕೊಳ್ಳಿ. 6ಬಿ ಆದರೆ ಒಳ್ಳೆಯದು. ಚಿತ್ರ ಬರೆಯಲು ಬಾರದು ಎನ್ನುವವರಿಗೇ ನಾನು ಇದನ್ನು ಒತ್ತಿ ಹೇಳುವುದು. ಕೈ ಆಡದೆ ಕಣ್ಣು ಪೂರ್ತಿ ತೆರೆಯುವುದಿಲ್ಲ. ಮಕ್ಕಳಿಗೆ ಕಲಿಸಿದ ಕಾಲದುದ್ದಕ್ಕೂ ನಾನು ಇದನ್ನು ಕಂಡಿದ್ದೇನೆ.

ಕಾಗದದ ಮೇಲೆ ಬೆಂಕಿಪೊಟ್ಟಣದ ಗಾತ್ರದ ಒಂದು ಚೌಕಟ್ಟು ಹಾಕಿಕೊಳ್ಳಿ. ಮೂಲಚಿತ್ರದ ಉದ್ದಗಲದ ಪ್ರಮಾಣವೇ ಇದಕ್ಕೂ ಇರಬೇಕು. ಅಗಲವಾದ ಚಿತ್ರವನ್ನು ನೀಳವಾದ ಚೌಕಟ್ಟಿಗೆ ತುರುಕಿದರೆ ಎಲ್ಲವೂ ಕೆಡುತ್ತದೆ. ಈಗ ಕಣ್ಣನ್ನು ಅರ್ಧ ಮುಚ್ಚಿ ಚಿತ್ರವನ್ನು ನೋಡಿ. ವಿವರಗಳು ಮಸುಕಾಗಿ, ಕತ್ತಲೆಯ ಕೆಲವು ತುಂಡುಗಳು, ಬೆಳಕಿನ ಕೆಲವು ತುಂಡುಗಳು ಉಳಿಯುತ್ತವೆ. ಅವುಗಳನ್ನು ಮಾತ್ರ ಮೂರೇ ಛಾಯೆಗಳಲ್ಲಿ ತುಂಬಿ: ಕಾಗದದ ಬಿಳಿ, ನಡುವಿನ ಬೂದು, ಗಾಢವಾದ ಕಪ್ಪು. ಕಣ್ಣು ಮೂಗು ಬೇಡ, ಎಲೆ ಬೇಡ, ಸೀರೆಯ ಅಂಚು ಬೇಡ.

ಮೂರೇ ಛಾಯೆ ಎಂದ ಮೇಲೆ ನೀವು ತೀರ್ಮಾನಿಸಲೇಬೇಕಾಗುತ್ತದೆ. ಈ ಸೆರಗು ಹಿಂದಿನ ಗೋಡೆಯ ಕತ್ತಲೆಗೆ ಸೇರಿದ್ದೋ, ಮುಖದ ಬೆಳಕಿಗೆ ಸೇರಿದ್ದೋ? ಅತಿ ದೊಡ್ಡ ಕಪ್ಪು ತುಂಡು ಚೌಕಟ್ಟಿನ ಅಂಚನ್ನು ಮುಟ್ಟುತ್ತದೆಯೋ, ಒಳಗೇ ನಿಲ್ಲುತ್ತದೆಯೋ? ಚಿತ್ರಕಾರನೂ ಇದೇ ತೀರ್ಮಾನಗಳನ್ನು ಮಾಡಿರುತ್ತಾನೆ. ನಿಮ್ಮ ಮಗಳು ಸಂಯೋಜನೆ ಎನ್ನುವುದು ಈ ತೀರ್ಮಾನಗಳನ್ನೇ.

ಜಪಾನಿನ ಹೊಕುಸಾಯ್ 1831ರ ಸುಮಾರಿಗೆ ಮಾಡಿದ ದೊಡ್ಡ ಅಲೆಯ ಚಿತ್ರವನ್ನು ನೀವು ಎಲ್ಲಾದರೂ ನೋಡಿಯೇ ಇರುತ್ತೀರಿ. ಅದು ಮರದ ಅಚ್ಚಿನಿಂದ ಮುದ್ರಿಸಿದ್ದು. ಅಗಲ ಸುಮಾರು 37 ಸೆಂಟಿಮೀಟರ್, ಎತ್ತರ ಸುಮಾರು 25. ಫ್ಯೂಜಿ ಪರ್ವತವನ್ನು ಬೇರೆ ಬೇರೆ ಕಡೆಗಳಿಂದ ತೋರಿಸುವ ಸರಣಿಗೆ ಸೇರಿದ ಚಿತ್ರವಾದರೂ ಪರ್ವತ ಇರುವುದು ಅಲೆಯ ತಗ್ಗಿನಲ್ಲಿ, ಚಿಕ್ಕದಾಗಿ. ಎಡಗಡೆ ನೀರು ಚೌಕಟ್ಟಿನ ಮೇಲಂಚಿನ ಹತ್ತಿರದವರೆಗೆ ಎದ್ದಿದೆ. ಬಲಗಡೆಯ ಮೇಲ್ಭಾಗ ಬರಿದಾಗಿದೆ. ಆ ಬರಿದನ್ನು ಪೆನ್ಸಿಲಿನಿಂದ ತುಂಬಿ ನೋಡಿ, ಅಲೆಗೆ ಬೀಳಲು ಜಾಗವೇ ಉಳಿಯುವುದಿಲ್ಲ. ಮುಂಭಾಗದಲ್ಲಿ ಏಳುತ್ತಿರುವ ಸಣ್ಣ ಅಲೆಯ ಆಕಾರ ಹಿಂದಿನ ಪರ್ವತದ ಆಕಾರವೇ ಆಗಿರುವುದನ್ನೂ ಗಮನಿಸಿ. ಇನ್ನು ಫ್ಯೂಜಿಯನ್ನು ಬೆರಳಿನಿಂದ ಮುಚ್ಚಿ. ಅಲೆಯನ್ನು ಅಳೆಯಲು ಪರ್ವತವಿಲ್ಲದೆ ಅಲೆಯೂ ಚಿಕ್ಕದಾಗುತ್ತದೆ.

ಈ ಮುಚ್ಚಿ ನೋಡುವ ಪರೀಕ್ಷೆಯನ್ನು ಯಾವ ಚಿತ್ರಕ್ಕಾದರೂ ಮಾಡಬಹುದು. ಒಂದು ವಸ್ತುವನ್ನು ಮುಚ್ಚಿ, ಉಳಿದದ್ದಕ್ಕೆ ಏನಾಯಿತು ಎಂದು ಕೇಳಿಕೊಳ್ಳಿ. ಏನೂ ಆಗದಿದ್ದರೆ ಅದು ಅಲ್ಲಿ ಸುಮ್ಮನೆ ಬಂದು ಕೂತಿದೆ. ದೊಡ್ಡವರ ಚಿತ್ರಗಳಲ್ಲಿಯೂ ಹಾಗೆ ಬಂದು ಕೂತವು ಇರುತ್ತವೆ, ಹೇಳಲು ಹೆದರಬೇಡಿ.

ಮಲ್ಪೆಯಿಂದ

ಮಾಸ್ಟ್ರು ಹೇಳಿದ ಚಿತ್ರದಲ್ಲಿ ದೋಣಿಗಳನ್ನೂ ನೋಡಿ. ನಮ್ಮದು ಕಡಲಿಗೆ ಹೋಗುವ ಮನೆತನ, ಹಾಗಾಗಿ ನನ್ನ ಕಣ್ಣು ಮೊದಲು ಹೋದದ್ದೇ ಅಲ್ಲಿಗೆ. ಮೂರು ದೋಣಿಗಳಿವೆ, ಮೂರೂ ಅಲೆಯ ಕಡೆಗೇ ಮುಖ ಮಾಡಿವೆ. ಅಲೆಗೆ ಪಕ್ಕೆ ಕೊಟ್ಟ ದೋಣಿ ಮಗುಚುತ್ತದೆ, ಮುಖ ಕೊಟ್ಟ ದೋಣಿ ಏರಿ ಇಳಿಯಬಹುದು. ಹುಟ್ಟು ಹಾಕುವವರೆಲ್ಲ ಬಗ್ಗಿ ದೋಣಿಗೆ ಅಂಟಿಕೊಂಡಿದ್ದಾರೆ. ದೋಣಿಯ ಬಾಗು, ನೀರಿನ ಬಾಗು ಒಂದನ್ನೊಂದು ಹಿಡಿದಿವೆ. ಬರೆದವನಿಗೆ ಕಡಲಿನ ಕೆಲಸ ಗೊತ್ತಿತ್ತು ಎಂದು ನನಗೆ ಅನ್ನಿಸುತ್ತದೆ.

ಇನ್ನೊಂದು ವಿಷಯ. ಜಪಾನಿನಲ್ಲಿ ಹಿಂದೆ ಬಲದಿಂದ ಎಡಕ್ಕೆ ಓದುತ್ತಿದ್ದರು. ಅವರ ಕಣ್ಣು ದೋಣಿಯ ಜೊತೆಗೇ ಹೋಗಿ ಅಲೆಯನ್ನು ಎದುರಿಸುತ್ತದೆ. ನಾವು ಎಡದಿಂದ ಓದುವವರು, ಅಲೆಯ ಜೊತೆ ಬಂದು ದೋಣಿಯ ಮೇಲೆ ಬೀಳುತ್ತೇವೆ. ಮೊಬೈಲಿನಲ್ಲಿ ಚಿತ್ರವನ್ನು ಎಡಬಲ ತಿರುಗಿಸಿ ನೋಡಿ, ಬೇರೆಯೇ ಚಿತ್ರ.

ಹಂಪನಕಟ್ಟೆಯಿಂದ

ನೀವು ಇರುವುದು ಬಿಜೈಯಲ್ಲಿ. ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ ನಿಮ್ಮ ಕೈಗೆಟುಕುವ ದೂರದಲ್ಲಿದೆ, ಅಲ್ಲಿಂದ ಶುರು ಮಾಡಿ. ಇಟಲಿಯ ಬೆರ್ಗಾಮೊ ಪ್ರಾಂತ್ಯದಿಂದ ಬಂದ ಜೆಸ್ವಿಟ್ ಬ್ರದರ್ ಆಂಟೋನಿಯೊ ಮೊಸ್ಕೇನಿ 19ನೆಯ ಶತಮಾನ ಮುಗಿಯುವ ಹೊತ್ತಿಗೆ ಅದರ ಗೋಡೆ, ಛಾವಣಿಗಳನ್ನೆಲ್ಲ ಚಿತ್ರಗಳಿಂದ ತುಂಬಿದರು. ಕೆಲವು ಫ್ರೆಸ್ಕೊ, ಕೆಲವು ಕ್ಯಾನ್ವಾಸಿನ ಮೇಲಿನ ತೈಲವರ್ಣ. ಛಾವಣಿಯಲ್ಲಿ ಸಂತ ಅಲೋಶಿಯಸ್ ಗೊನ್ಜಾಗಾ ಅವರ ಬದುಕಿನ ಘಟನೆಗಳಿವೆ.

ಫ್ರೆಸ್ಕೊ ಎಂದರೆ ಸುಣ್ಣದ ಗಾರೆ ಹಸಿಯಾಗಿರುವಾಗಲೇ ಬಣ್ಣ ಹಚ್ಚುವ ಕ್ರಮ. ಗಾರೆ ಒಣಗುವಾಗ ಬಣ್ಣ ಅದರೊಳಗೇ ಸೇರಿಹೋಗುತ್ತದೆ. ಆದ್ದರಿಂದ ಒಂದು ದಿನದಲ್ಲಿ ಬರೆದು ಮುಗಿಸಬಹುದಾದಷ್ಟು ಭಾಗಕ್ಕೆ ಮಾತ್ರ ಗಾರೆ ಬಳಿಯುತ್ತಾರೆ. ಹೀಗಿರುವಾಗ ಯಾರು ಎಲ್ಲಿ ನಿಲ್ಲಬೇಕು, ಯಾರ ತೋಳು ಯಾವ ಕಡೆಗೆ ಚಾಚಬೇಕು ಎಂಬುದೆಲ್ಲ ಕುಂಚ ಹಿಡಿಯುವ ಮೊದಲೇ ನಿರ್ಧಾರವಾಗಿರಬೇಕು. ಅಲ್ಲಿ ಬರೆಯುತ್ತ ಬರೆಯುತ್ತ ಯೋಚಿಸಲು ಪುರುಸೊತ್ತಿಲ್ಲ. ಸಂಯೋಜನೆಯನ್ನು ಕಲಿಯಲು ಗೋಡೆಯ ಚಿತ್ರಗಳು ಒಳ್ಳೆಯವು ಎಂದು ನಾನು ನಂಬುವುದು ಇದಕ್ಕೇ.

ನಾನು ಮಾಡುವ ಕ್ರಮ ಇಷ್ಟು. ಒಂದು ಚಿತ್ರದಲ್ಲಿ ಮೊದಲು ಕೈಗಳನ್ನು ಮಾತ್ರ ನೋಡುತ್ತೇನೆ: ಯಾವ ಕೈ ಯಾವ ಕಡೆಗೆ ಚಾಚಿದೆ, ಯಾವುದು ಎದೆಯ ಮೇಲಿದೆ. ಆಮೇಲೆ ತಲೆಗಳು: ಒಂದೇ ಎತ್ತರದಲ್ಲಿವೆಯೇ, ಮೆಟ್ಟಿಲುಗಟ್ಟಿ ಏರಿವೆಯೇ? ಆಮೇಲೆ ದೃಷ್ಟಿಗಳು. ನಾಲ್ಕು ಜನ ಒಬ್ಬನನ್ನು ನೋಡುತ್ತಿದ್ದರೆ ನಾವೂ ಅವನನ್ನೇ ನೋಡುತ್ತೇವೆ, ಗೆರೆ ಎಳೆಯುವ ಅಗತ್ಯವೇ ಇಲ್ಲ. ಕಥೆ ಏನೆಂದು ಓದುವುದು ಎಲ್ಲಕ್ಕಿಂತ ಕೊನೆಗೆ.

ಛಾವಣಿಯನ್ನು ಬಹಳ ಹೊತ್ತು ನೋಡಿದರೆ ಕುತ್ತಿಗೆ ಹಿಡಿಯುತ್ತದೆ. ಅಂಗೈಯಗಲದ ಕನ್ನಡಿ ಇಟ್ಟುಕೊಂಡು ಬೆಂಚಿನ ಮೇಲೆ ಕುಳಿತು ಅದರಲ್ಲಿ ನೋಡಿ. ಕನ್ನಡಿಯಲ್ಲಿ ಎಡಬಲ ಅದಲುಬದಲಾಗುವುದರಿಂದ ಮಲ್ಪೆಯವರು ಹೇಳಿದ ಪರೀಕ್ಷೆಯೂ ಆಗುತ್ತದೆ. ಅದು ಪೂಜೆ ನಡೆಯುವ ಜಾಗ, ಪ್ರಾರ್ಥನೆಯ ಹೊತ್ತು ಬಿಟ್ಟು ಹೋಗಿ. ಕುಳಿತ ಜಾಗವನ್ನೂ ಬದಲಿಸುತ್ತಿರಿ. ಗೋಡೆಯ ಚಿತ್ರಗಳನ್ನು ಕೆಳಗೆ ನಿಂತವರಿಗಾಗಿ ಬರೆಯುತ್ತಾರೆ, ಪುಸ್ತಕದಲ್ಲಿ ಎದುರಿಗೆ ಹಿಡಿದು ತೆಗೆದ ಫೋಟೊ ಇದನ್ನು ತಿಳಿಸುವುದಿಲ್ಲ.

ಮಣಿಪಾಲದಿಂದ

ಸುರುಳಿಗಳ ಬಗ್ಗೆ ಒಂದು ಮಾತು. ಸಾಕಷ್ಟು ಗೆರೆಗಳಿರುವ ಬಲೆಯನ್ನು ಯಾವ ಚಿತ್ರದ ಮೇಲೆ ಹಾಸಿದರೂ ಯಾವುದಾದರೂ ಗೆರೆ ಯಾರದಾದರೂ ಮೂಗಿನ ಮೇಲೆ ಹಾದುಹೋಗುತ್ತದೆ. ಅದರಿಂದ ಚಿತ್ರಕಾರ ಹಾಗೆ ಯೋಚಿಸಿದ್ದ ಎಂದಾಗುವುದಿಲ್ಲ. ಚಿತ್ರದಲ್ಲಿಯೇ ಗುರುತು ಉಳಿದಿರುವ ಗೆರೆಗಳೂ ಇವೆ, ಅವುಗಳನ್ನು ನಂಬಿ. ಮಿಲಾನಿನಲ್ಲಿ ಲಿಯೊನಾರ್ಡೊ 1495ರಿಂದ 1498ರ ಸುಮಾರಿಗೆ ಬರೆದ ಅಂತಿಮ ಭೋಜನದ ಚಿತ್ರದಲ್ಲಿ ಯೇಸುವಿನ ಬಲಗೆನ್ನೆಯ ಮೇಲೆ, ಹಣೆಯ ಪಕ್ಕದಲ್ಲಿ ಮೊಳೆ ಹೊಡೆದ ತೂತಿದೆ. ಅಲ್ಲಿಂದ ದಾರ ಎಳೆದು ಕೋಣೆಯ ಗೋಡೆ, ಛಾವಣಿಗಳ ಗೆರೆಗಳನ್ನು ಗುರುತಿಸಿಕೊಂಡಿದ್ದಾರೆ. ಹನ್ನೆರಡು ಶಿಷ್ಯರು ಮೂರು ಮೂರು ಜನರ ನಾಲ್ಕು ಗುಂಪುಗಳಾಗಿ ಅಲುಗಾಡುತ್ತಿದ್ದಾರೆ, ನಡುವೆ ಒಬ್ಬರೇ ಸ್ಥಿರ.

ನನಗೆ ಇದಕ್ಕಿಂತ ಪ್ರಿಯವಾದದ್ದು ಹಾಲೆಂಡಿನ ವರ್ಮೀರ್ ಬರೆದ ಹಾಲು ಸುರಿಯುವ ಹೆಂಗಸಿನ ಚಿತ್ರ. ಎತ್ತರ 45 ಸೆಂಟಿಮೀಟರಿಗಿಂತ ತುಸು ಹೆಚ್ಚು, ಅಷ್ಟೇ. ದೂರ ಹತ್ತಿರಗಳನ್ನು ತೋರಿಸುವ ಅದರ ಪರ್ಸ್ಪೆಕ್ಟಿವ್ ಗೆರೆಗಳೆಲ್ಲ ಕೂಡುವ ಬಿಂದು ಅವಳ ಬಲಗೈಯ ಮೇಲ್ಭಾಗದಲ್ಲಿದೆ, ಅಲ್ಲಿಯೂ ಸೂಜಿ ಚುಚ್ಚಿದ ಗುರುತಿದೆ. ಅವಳ ಹಿಂದಿನ ಗೋಡೆ ಖಾಲಿ. ವರ್ಮೀರ್ ಮೊದಲು ಅಲ್ಲಿ ಹೂಜಿಗಳನ್ನು ನೇತುಹಾಕುವ ಹಲಗೆಯನ್ನು ಬರೆಯಲು ಶುರು ಮಾಡಿ ಆಮೇಲೆ ಅಳಿಸಿಬಿಟ್ಟಿದ್ದರು ಎಂಬುದು 2022ರಲ್ಲಿ ಪ್ರಕಟವಾದ ಪರೀಕ್ಷೆಗಳಿಂದ ತಿಳಿಯಿತು. ಖಾಲಿ ಗೋಡೆಯನ್ನು ಅವರು ಬೇಕೆಂದೇ ಸಂಪಾದಿಸಿದ್ದಾರೆ. ಅದನ್ನು ತಿಳಿದ ಮೇಲೆ ನಾನು ಯಾವ ಚಿತ್ರದಲ್ಲಿಯೂ ಬರಿದಾದ ಜಾಗವನ್ನು ದಾಟಿ ಹೋಗುವುದಿಲ್ಲ.

ಕಣ್ಣು ಓಡುವ ದಾರಿಯ ಬಗ್ಗೆಯೂ ಹೇಳಬೇಕು. ರಷ್ಯಾದ ವಿಜ್ಞಾನಿ ಆಲ್ಫ್ರೆಡ್ ಯಾರ್ಬುಸ್ 1960ರ ದಶಕದಲ್ಲಿ ಪ್ರಕಟಿಸಿದ ಪ್ರಯೋಗ ಪ್ರಸಿದ್ಧವಾಗಿದೆ. ಇಲ್ಯಾ ರೇಪಿನ್ ಬರೆದ, ಮನೆಗೆ ಅನಿರೀಕ್ಷಿತವಾಗಿ ಮರಳಿದವನ ಚಿತ್ರವನ್ನು ಒಬ್ಬನೇ ವ್ಯಕ್ತಿಗೆ ಬೇರೆ ಬೇರೆ ಪ್ರಶ್ನೆಗಳನ್ನು ಕೊಟ್ಟು ತೋರಿಸಿದರು. ಇವರ ವಯಸ್ಸೆಷ್ಟು ಎಂದಾಗ ಕಣ್ಣು ಮುಖದಿಂದ ಮುಖಕ್ಕೆ ಓಡಿತು. ಮನೆಯ ಸ್ಥಿತಿಗತಿ ಹೇಗಿದೆ ಎಂದಾಗ ಬಟ್ಟೆಬರೆ, ಪೀಠೋಪಕರಣಗಳ ಕಡೆಗೆ ಹೋಯಿತು. ಚಿತ್ರ ಅದೇ, ನೋಡುವವನೂ ಅವನೇ, ದಾರಿ ಮಾತ್ರ ಬೇರೆ. ಹಾಗಾಗಿ ನಿಮ್ಮ ಕಣ್ಣು ವೀಡಿಯೊದವರು ಹೇಳಿದ ಸುರುಳಿಯಲ್ಲಿ ಹೋಗದಿದ್ದರೆ ಚಿಂತೆ ಬೇಡ. ಪ್ರತಿ ಚಿತ್ರಕ್ಕೂ ಒಂದು ಪ್ರಶ್ನೆ ಒಯ್ಯಿರಿ. ಬೆಳಕು ಎಲ್ಲಿಂದ ಬರುತ್ತಿದೆ ಎಂಬ ಒಂದೇ ಪ್ರಶ್ನೆ ಇದ್ದರೂ ಒಂದು ಮಧ್ಯಾಹ್ನ ಕಳೆಯಬಹುದು.

ಕಾಲೇಜು ಅಧ್ಯಾಪಕಿ, ಕಾರ್ಕಳ

ಎಲ್ಲರೂ ಹೇಳಿದ್ದು ಚೆನ್ನಾಗಿದೆ. ಆದರೆ ಗೆರೆಗಳೆಲ್ಲ ಒಂದೇ ಬಿಂದುವಿನಲ್ಲಿ ಕೂಡಬೇಕು ಎಂಬುದು ಯುರೋಪಿನ ಒಂದು ಕಾಲದ ಪದ್ಧತಿ ಎಂಬುದನ್ನು ಮರೆಯಬಾರದು. ರಾಜಸ್ಥಾನಿ, ಪಹಾಡಿ ಶೈಲಿಗಳ ಕಿರುಚಿತ್ರಗಳನ್ನು, ಅಂದರೆ ಹಾಳೆಯ ಮೇಲೆ ಸಣ್ಣದಾಗಿ ಬರೆದ ಮಿನಿಯೇಚರ್ ವರ್ಣಚಿತ್ರಗಳನ್ನು, ಆ ಅಳತೆಗೋಲಿನಿಂದ ನೋಡಿದರೆ ಏನೂ ದಕ್ಕುವುದಿಲ್ಲ. ಅಲ್ಲಿ ಅರಮನೆಯ ಒಳಗೂ ಹೊರಗೂ ಒಟ್ಟಿಗೆ ಕಾಣುತ್ತವೆ. ಹಾಸಿಗೆಯನ್ನು ಮೇಲಿನಿಂದ, ಅದರ ಮೇಲೆ ಕುಳಿತವಳನ್ನು ಪಕ್ಕದಿಂದ ನೋಡುತ್ತೇವೆ. ಒಬ್ಬನೇ ನಾಯಕ ಒಂದೇ ಹಾಳೆಯಲ್ಲಿ ಎರಡು ಮೂರು ಕಡೆ ಬರುವುದೂ ಉಂಟು. ಗೋಡೆ, ಬಾಗಿಲು, ಮರ ಇವೇ ಅಲ್ಲಿ ಸಮಯವನ್ನು ಭಾಗ ಮಾಡುವ ಗೆರೆಗಳು. ಕಣ್ಣು ಹಾಳೆಯ ಮೇಲೆ ನಡೆದಾಡಬೇಕು.

ಮೈಸೂರಿಗೆ ಹೋದಾಗ ಜಗನ್ಮೋಹನ ಅರಮನೆಯಲ್ಲಿ ಎರಡು ಚಿತ್ರಗಳನ್ನು ಅಕ್ಕಪಕ್ಕದಲ್ಲಿಟ್ಟು ಯೋಚಿಸಿ. ಒಂದು ರವಿವರ್ಮ 1889ರಲ್ಲಿ ಬರೆದ ಸಂಗೀತಗಾರ್ತಿಯರ ಚಿತ್ರ. ಬೇರೆ ಬೇರೆ ಪ್ರಾಂತ್ಯಗಳ ಉಡುಗೆಯಲ್ಲಿ 11 ಮಹಿಳೆಯರು ಒತ್ತೊತ್ತಾಗಿ ಕೂಡಿದ್ದಾರೆ. ಪ್ರತಿಯೊಬ್ಬಳೂ ಸುಂದರಿ, ಆದರೆ ಒಬ್ಬರ ನೋಟ ಇನ್ನೊಬ್ಬರಿಗೆ ಸಿಗುವುದೇ ಅಪರೂಪ. ಗುಂಪು ಇದೆ, ಮೇಳ ಇಲ್ಲ ಎಂಬುದು ನನ್ನ ಅಭಿಪ್ರಾಯ. ಇನ್ನೊಂದು ಹಲ್ದಣ್ಕರ್ ಅವರ ದೀಪ ಹಿಡಿದ ಮಹಿಳೆ. ಅದನ್ನೂ ರವಿವರ್ಮರದ್ದೆಂದು ತಿಳಿದವರು ಬಹಳ. ಅದು ಜಲವರ್ಣ. ಒಬ್ಬಳೇ ಹೆಂಗಸು, ಕೈಮರೆಯಲ್ಲಿ ದೀಪ, ಬೆರಳುಗಳ ನಡುವೆ ಕೆಂಪಾಗಿ ಸೋಸಿ ಬರುವ ಬೆಳಕು. ಅವಳ ಇನ್ನೊಂದು ಪಕ್ಕ ಹಿಂದಿನ ಕತ್ತಲೆಗೆ ಸರಿಯುವ ಅಂಚನ್ನು ನಿಧಾನವಾಗಿ ಹಿಂಬಾಲಿಸಿ. ಎಲ್ಲಿ ಗಟ್ಟಿಯಾಗಿದೆ, ಎಲ್ಲಿ ಕರಗಿದೆ ಎಂದು ನೋಡಿದರೆ ಮಾಸ್ಟ್ರು ಹೇಳಿದ ಮೂರು ಛಾಯೆಗಳು ತಾವಾಗಿಯೇ ಅರ್ಥವಾಗುತ್ತವೆ.

ಕರಾವಳಿಯ ಕೆಲವು ಹಳೆಯ ದೇವಸ್ಥಾನಗಳ ಕಾವಿ ಕಲೆಯನ್ನೂ ಬಿಡಬೇಡಿ. ಸುಣ್ಣದ ಗೋಡೆಯ ಮೇಲೆ ಕೆಮ್ಮಣ್ಣಿನ ಪದರ, ಅದನ್ನು ಕೆತ್ತಿ ಒಳಗಿನ ಬಿಳಿಯನ್ನು ಹೊರತರುವುದು. ಎರಡೇ ಬಣ್ಣ. ಖಾಲಿ ಜಾಗ ಯಾವುದು, ಚಿತ್ರ ಯಾವುದು ಎಂದು ಕಣ್ಣು ಮತ್ತೆ ಮತ್ತೆ ಕೇಳಿಕೊಳ್ಳುತ್ತದೆ.

ಡ್ರಾಯಿಂಗ್ ಮಾಸ್ಟ್ರು, ಉಡುಪಿ

ಟೀಚರ್, ರವಿವರ್ಮರ ವಿಷಯದಲ್ಲಿ ನನ್ನದು ಬೇರೆ ಅಭಿಪ್ರಾಯ. ಆ ಹೆಂಗಸರು ಒಬ್ಬರನ್ನೊಬ್ಬರು ನೋಡದಿರುವುದರಿಂದಲೇ ಪ್ರತಿಯೊಬ್ಬಳ ಒಳಗೆ ಒಂದೊಂದು ರಾಗ ನಡೆಯುತ್ತಿದೆ ಎಂದು ನನಗೆ ತೋರುತ್ತದೆ. ಕಿರುಚಿತ್ರಗಳ ಬಗ್ಗೆ ನೀವು ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ.

ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಭಾನುವಾರ ಮಗಳ ಜೊತೆ ಶುರು ಮಾಡುತ್ತೇನೆ. ಮಾಸ್ಟ್ರೇ, ದೂರದ ದೇಶದ ಚಿತ್ರಗಳನ್ನು ಮೊಬೈಲಿನಲ್ಲಿ ನೋಡಿದರೆ ಸಾಕೇ? ಉಡುಪಿ ಕಡೆಗೆ ಬಂದರೆ ಎಲ್ಲಿ ಹೋಗಲಿ?

ಡ್ರಾಯಿಂಗ್ ಮಾಸ್ಟ್ರು, ಉಡುಪಿ

ಮಣಿಪಾಲದ ಹೆಬ್ಬಾರ್ ಗ್ಯಾಲರಿಗೆ ಬನ್ನಿ, ತೆರೆದಿರುವ ಸಮಯವನ್ನು ಮೊದಲೇ ವಿಚಾರಿಸಿಕೊಳ್ಳಿ. ಕೆ. ಕೆ. ಹೆಬ್ಬಾರರು 1911ರಲ್ಲಿ ಇಲ್ಲೇ ಕಟ್ಟಿಂಗೇರಿಯಲ್ಲಿ ಹುಟ್ಟಿ, ಮುಂಬೈಯ ಜೆ. ಜೆ. ಕಲಾಶಾಲೆಯಲ್ಲಿಯೂ ಪ್ಯಾರಿಸಿನಲ್ಲಿಯೂ ಕಲಿತವರು. ಅವರ ರೇಖಾಚಿತ್ರ ಕಂಡರೆ, ನರ್ತಕಿಯ ಚಿತ್ರವಾದರೆ ಇನ್ನೂ ಒಳ್ಳೆಯದು, ಒಂದು ಗೆರೆಯನ್ನು ಆರಿಸಿಕೊಂಡು ಅದು ಶುರುವಾದಲ್ಲಿಂದ ಮುಗಿಯುವವರೆಗೆ ಗಾಳಿಯಲ್ಲಿ ಬೆರಳಾಡಿಸಿ. ಎಲ್ಲಿ ವೇಗ, ಎಲ್ಲಿ ನಿಧಾನ, ಎಲ್ಲಿ ಕಾಗದದಿಂದ ಎದ್ದಿತು ಎಂಬುದು ಬೆರಳಿಗೆ ಗೊತ್ತಾಗುತ್ತದೆ. ಯಕ್ಷಗಾನ ನೋಡಿ ಬೆಳೆದವರಿಗೆ ಆ ಗೆರೆ ತಾಳ ಹಾಕುವುದೂ ಕೇಳಿಸಬಹುದು.

ಮೊಬೈಲಿನಲ್ಲಿ ಎಲ್ಲ ಚಿತ್ರಗಳೂ ಒಂದೇ ಗಾತ್ರವಾಗಿಬಿಡುತ್ತವೆ, ಅದೇ ತೊಂದರೆ. ಹಾಗಾಗಿ ಚಿತ್ರದ ಅಳತೆಯನ್ನು ಓದಿಕೊಂಡು ಮನೆಯ ಗೋಡೆಯ ಮೇಲೆ ಟೇಪಿನಿಂದ ಅಷ್ಟುದ್ದ ಗುರುತು ಮಾಡಿ. ವರ್ಮೀರನ ಆ ಚಿತ್ರ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಮಿನದು, ಅವರ ಜಾಲತಾಣದಿಂದ ಒಳ್ಳೆಯ ಪ್ರತಿಯನ್ನು ಉಚಿತವಾಗಿ ಇಳಿಸಿಕೊಳ್ಳಬಹುದು. ಜೆರಾಕ್ಸ್ ಅಂಗಡಿಯಲ್ಲಿ ಎ4 ಹಾಳೆಯಲ್ಲಿ ಒಂದು ಕಪ್ಪುಬಿಳುಪು, ಒಂದು ಬಣ್ಣದ ಪ್ರತಿ ತೆಗೆಸಿ. ಹೊಳೆಯುವ ಕಾಗದ ಬೇಡ, ಬೆಳಕು ಹೊಡೆಯುತ್ತದೆ. ಕಪ್ಪುಬಿಳುಪಿನ ಮೇಲೆ ಬಟರ್ ಪೇಪರ್ ಇಟ್ಟು ಕತ್ತಲೆ ಬೆಳಕಿನ ತುಂಡುಗಳನ್ನು ಮೊದಲು ನೀವು ಗುರುತಿಸಿ, ಮಗಳು ಬೇರೆ ಹಾಳೆಯಲ್ಲಿ ಗುರುತಿಸಲಿ, ಮುಗಿಯುವವರೆಗೆ ಒಬ್ಬರದನ್ನು ಒಬ್ಬರು ನೋಡಬೇಡಿ. ಎರಡನ್ನೂ ಒಂದರ ಮೇಲೊಂದು ಇಟ್ಟು ಕಿಟಕಿಯ ಬೆಳಕಿಗೆ ಹಿಡಿಯಿರಿ. ಎಲ್ಲಿ ಹೊಂದುವುದಿಲ್ಲವೋ ಆ ಜಾಗದ ಬಗ್ಗೆ ಇಬ್ಬರೂ ಮಾತನಾಡಿ. ಅದರ ಫೋಟೊವನ್ನು ಇಲ್ಲಿ ಹಾಕಿದರೆ ನಾವೂ ಸೇರಿಕೊಳ್ಳುತ್ತೇವೆ.