ಮುದ್ದೆಗೆ ಹಿಟ್ಟನ್ನು ನೇರ ಎಸರಿಗೆ ಸುರಿಯೋದಾ, ಕದಡಿ ಹಾಕೋದಾ? ಅನ್ನ ಬೇಕಾ, ಬೇಡವಾ?

ಪುಣೆ ಕನ್ನಡಿಗ:
ನಮಸ್ಕಾರ. ನನ್ನದು ಇಂಡಕ್ಷನ್ ಒಲೆ, ತೆಳು ತಳದ ಸ್ಟೀಲ್ ಪಾತ್ರೆ. ಅಳತೆ ಎರಡು ಲೋಟ ನೀರಿಗೆ ಒಂದು ಲೋಟ ರಾಗಿ ಹಿಟ್ಟು. ನೀರು ಕುದಿಯುವಾಗ ಹಿಟ್ಟು ಹಾಕಿ ತಕ್ಷಣ ಕೋಲಾಡಿಸಿ ತೊಳೆಸಿದರೆ ಬರೀ ಗಂಟು, ಒಡೆದು ನೋಡಿದರೆ ಒಳಗೆ ಒಣ ಹಿಟ್ಟು. ಹಿಟ್ಟನ್ನು ತಣ್ಣೀರಲ್ಲಿ ಕದಡಿ ಹಾಕಿ ಅಂತ ಕೆಲವರು, ಅದು ಮುದ್ದೆಯೇ ಅಲ್ಲ ಅಂತ ಇನ್ನು ಕೆಲವರು. ಅನ್ನ ಸೇರಿಸೋದರ ಬಗ್ಗೆಯೂ ಒಬ್ಬೊಬ್ಬರದು ಒಂದೊಂದು ಮಾತು. ನೀವೆಲ್ಲ ಯಾವ ಕಡೆ? ಕಾರಣ ಸಮೇತ ಹೇಳಿ.

ಮಂಡ್ಯ ಸೀಮೆ:
ಗಂಟಿಗೆ ಕಾರಣ ಆ ‘ತಕ್ಷಣ’ವೇ. ಕುದಿ ನೀರು ತಾಗಿದ ಕೂಡಲೇ ಹಿಟ್ಟಿನ ಹೊರಮೈ ಬೆಂದು ಅಂಟಾಗುತ್ತದೆ, ಒಳಗಿನ ಹಿಟ್ಟಿಗೆ ನೀರು ಇಳಿಯೋಕೆ ಬಿಡಲ್ಲ. ಆಗಲೇ ಕೋಲಾಡಿಸಿದರೆ ಚೂರುಚೂರಾಗಿ, ಒಂದೊಂದು ಚೂರೂ ಒಂದೊಂದು ಗಂಟಾಗುತ್ತದೆ.

ಎಸರು ಚೆನ್ನಾಗಿ ಮರಳುವಾಗ ಚಿಟಿಕೆ ಉಪ್ಪು ಹಾಕಿ, ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು ಕೈ ತೆಗೆದುಬಿಡಿ. ಉರಿ ತಗ್ಗಿಸಿ, ಗುಡ್ಡೆ ನಡುವೆ ಕೋಲಿನಿಂದ ತಳ ಮುಟ್ಟುವ ಹಾಗೆ ಒಂದು ತೂತು ಮಾಡಿ. ಎಸರು ಆ ತೂತಿನಿಂದ ಉಕ್ಕಿ ಮೇಲೆಲ್ಲ ಹರಿದು ಹಿಟ್ಟನ್ನು ಬೇಯಿಸುತ್ತದೆ. ಐದಾರು ನಿಮಿಷ ಬೇಕು. ಮೇಲಿನ ಒಣ ಬಿಳುಪು ಹೋಗಿ ಬಣ್ಣ ಗಾಢವಾದ ಮೇಲೆ ಇಳಿಸಿ, ಪಾತ್ರೆಯ ಗೋಡೆಗೆ ಒತ್ತಿ ಒತ್ತಿ ತೊಳೆಸಿ. ಮತ್ತೆ ಒಲೆ ಮೇಲಿಟ್ಟು, ಅಂಚಿಗೆ ಎರಡು ಚಮಚ ನೀರು ಚಿಮುಕಿಸಿ, ಮುಚ್ಚಿ ಎರಡು ನಿಮಿಷ ಹಬೆಯಲ್ಲಿ ಬಿಡಿ. ಒದ್ದೆ ಬೆರಳಲ್ಲಿ ಮುಟ್ಟಿದಾಗ ಅಂಟದಿದ್ದರೆ ಬೆಂದಿದೆ. ಕದಡಿ ಹಾಕೋದು ಅಂಬಲಿಗೆ ಸರಿ, ಮುದ್ದೆಗೆ ಬೇಡ.

ತುಮಕೂರು ಕಡೆಯವರು:
ಅಷ್ಟೂ ಹಿಟ್ಟು ಕದಡಿದರೆ ಮುದ್ದೆ ಬಿಗಿಯಾಗಲ್ಲ, ಒಪ್ಪಿದೆ. ಆದರೆ ಎರಡೇ ಚಮಚ ಕದಡೋದನ್ನ ಯಾಕೆ ಬಿಡಬೇಕು? ಎಸರಿಗೆ ಅಳೆದ ನೀರಿನಿಂದಲೇ ಕಾಲು ಲೋಟ ತಣ್ಣಗಿರುವಾಗಲೇ ತೆಗೆದಿಟ್ಟು, ಅದರಲ್ಲಿ ಎರಡು ಚಮಚ ಹಿಟ್ಟು ಕದಡಿ, ನೀರು ಕುದಿಯುವ ಮೊದಲೇ ಬೆರೆಸಿ ಕೈಯಾಡಿಸುತ್ತಿರಿ. ಗೋಧಿಗೆ ಇರುವ ನಾರಿನಂಥ ಅಂಟು ರಾಗಿಗೆ ಇಲ್ಲ. ಬೆಂದ ಪಿಷ್ಟದ ಜಿಗಿಯೊಂದೇ ಮುದ್ದೆಯನ್ನು ಹಿಡಿದಿಡೋದು. ಆ ಜಿಗಿ ಎಸರಿನಲ್ಲೇ ಇದ್ದರೆ ಕಟ್ಟುವಾಗ ಮುದ್ದೆ ಬಿರಿಯಲ್ಲ, ಮೈ ನುಣ್ಣಗೆ ಬರುತ್ತೆ. ಒಂದೇ ತೊಂದರೆ, ಇಂಥ ಎಸರು ಬೇಗ ಉಕ್ಕುತ್ತೆ. ಪಾತ್ರೆ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ.

ಕೋಲಾರದ ಕಡೆಯಿಂದ:
ಅನ್ನದ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ನಮ್ಮ ಕಡೆ, ಹಾಗೇ ಪಕ್ಕದ ರಾಯಲಸೀಮೆಯಲ್ಲಿ ಸಂಗಟಿ (ಅಲ್ಲಿನ ರಾಗಿ ಮುದ್ದೆ) ಮಾಡುವಾಗ, ಅಕ್ಕಿ ಸೇರಿಸೋದು ಮಾಮೂಲು. ಕಾಲು ಲೋಟ ನುಚ್ಚಕ್ಕಿಯನ್ನು ಮೂರು ಲೋಟ ನೀರಲ್ಲಿ ಬೇಯಿಸಿ, ಗಂಜಿ ಬಸಿಯದೆ ಅದಕ್ಕೇ ಒಂದು ಲೋಟ ಹಿಟ್ಟು ಹಾಕಿ. ಆ ಗಂಜಿಯೇ ಜಿಗಿ ಕೊಡುತ್ತೆ, ಹಿಟ್ಟು ಬೇರೆ ಕದಡಬೇಕಿಲ್ಲ. ಹೊಸಬರಿಗೆ ಇದಕ್ಕಿಂತ ಸುಲಭದ ದಾರಿ ಇಲ್ಲ.

ಮಂಡ್ಯ ಸೀಮೆ:
ಇಲ್ಲಿ ನಾನು ಒಪ್ಪಲ್ಲ. ಮುದ್ದೆಯನ್ನು ಅಗಿಯಲ್ಲ, ಮುರಿದು ಸಾರಲ್ಲಿ ಅದ್ದಿ ನುಂಗೋದು. ನಾಲಿಗೆಗೆ ಅಗುಳು ಸಿಕ್ಕರೆ ಹಲ್ಲು ತಾನಾಗೇ ಅಗಿಯೋಕೆ ಹೋಗುತ್ತದೆ, ಹಿಟ್ಟು ಹಲ್ಲಿಗೆ ಮೆತ್ತಿಕೊಳ್ಳುತ್ತದೆ. ಉಪ್ಸಾರು, ಬಸ್ಸಾರಿಗೆ ಬರೀ ರಾಗಿಯೇ ಚೆಂದ.

ಕೋಲಾರದ ಕಡೆಯಿಂದ:
ಅಗುಳು ಸಿಗುತ್ತಿದ್ದರೆ ನುಚ್ಚು ಸರಿಯಾಗಿ ಬೆಂದಿಲ್ಲ ಅಂತ ಅರ್ಥ. ಬೆರಳಲ್ಲಿ ಹಿಸುಕಿದರೆ ಕರಗುವಷ್ಟು ಬೇಯಬೇಕು. ರಾತ್ರಿ ಉಳಿದ ಉದುರು ಅನ್ನ ಹಾಕಿದರೆ ಮಾತ್ರ ನೀವು ಹೇಳಿದ ಹಾಗೆ ಆಗೋದು.

ತುಮಕೂರು ಕಡೆಯವರು:
ಪುಣೆಯವರೇ, ನಿಮ್ಮ ಪಾತ್ರೆಯೇ ಅರ್ಧ ಸಮಸ್ಯೆ. ಹಲವು ಇಂಡಕ್ಷನ್ ಒಲೆಗಳು ಸಣ್ಣ ಉರಿಯಲ್ಲೂ ಪೂರ್ತಿ ಶಾಖ ಕೊಟ್ಟು, ನಿಲ್ಲಿಸಿ, ಮತ್ತೆ ಕೊಡುತ್ತವೆ. ತೆಳು ತಳವಾದರೆ ನಡುವಿನ ಹಿಟ್ಟು ಸೀದು, ಅಂಚಿನದು ಹಸಿ ಉಳಿಯುತ್ತೆ. ಇಂಡಕ್ಷನ್ ತಳದ ಕುಕ್ಕರ್ ಇದ್ದರೆ ಅದರ ಮುಚ್ಚಳ ಬಿಟ್ಟು ಬರೀ ಪಾತ್ರೆ ಬಳಸಿ, ಬೇಯುವಾಗ ಮೇಲೊಂದು ತಟ್ಟೆ ಮುಚ್ಚಿ. ತಳ ದಪ್ಪ, ತೊಳೆಸುವಾಗ ಹಿಡಿಯೋಕೆ ಹಿಡಿಯೂ ಇದೆ. ಒಲೆಯ ಗಾಜಿನ ಮೇಲೆ ಮಾತ್ರ ತೊಳೆಸಬೇಡಿ. ನೆಲದ ಮೇಲೆ ಒದ್ದೆ ಬಟ್ಟೆ ಮಡಿಸಿ ಅದರ ಮೇಲಿಡಿ, ಜಾರಲ್ಲ. ಹಳ್ಳಿಯಲ್ಲಿ ಕವೆಗೋಲಿನಿಂದ ಅದುಮಿ ಹಿಡಿಯೋದೂ ಇದಕ್ಕೇ. ಸೌಟು ಬೇಡ, ಬಾಗುತ್ತೆ. ಮರದ ಲಟ್ಟಣಿಗೆ ಆದೀತು.

ಪುಣೆ ಕನ್ನಡಿಗ:
ಕುಕ್ಕರ್ ಇದೆ. ಕಟ್ಟುವಾಗ ಕೈ ಸುಡದ ಹಾಗೆ ಏನು ಮಾಡೋದು? ಆರಲಿ ಅಂತ ಬಿಟ್ಟರೆ ಮೇಲೆಲ್ಲ ಬಿರುಕು.

ಮಂಡ್ಯ ಸೀಮೆ:
ಆರೋಕೆ ಬಿಡಲೇಬೇಡಿ, ಬಿಸಿಯಲ್ಲೇ ಕಟ್ಟಬೇಕು. ಒದ್ದೆ ಮಾಡಿದ ಮಣೆಗೋ ತಟ್ಟೆಗೋ ಒಂದು ಮುದ್ದೆಗಾಗುವಷ್ಟು ಮಾತ್ರ ತೆಗೆದು, ಉಳಿದದ್ದು ಮುಚ್ಚಿಡಿ. ಕೈ ತಣ್ಣೀರಲ್ಲಿ ಅದ್ದಿ, ಅಂಗೈಯಿಂದ ಎರಡು ಸಲ ನಾದಿ, ಮತ್ತೆ ಕೈ ಅದ್ದಿ ಉರುಳಿಸಿ. ನೀರು ಜಾಸ್ತಿಯಾದರೆ ಮೈ ಲೋಳೆಯಾಗುತ್ತದೆ, ಅದ್ದಿದ ಕೈ ಒಮ್ಮೆ ಕೊಡವಿಕೊಳ್ಳಿ. ತುಪ್ಪ ಸವರೋದು ತಟ್ಟೆಗೆ ಹಾಕಿದ ಮೇಲೆ.